ಮರದ ಆ ಬದಿಯ ಓತಿಕ್ಯಾತ

ನನ್ನ ಗಂಡ ಪ್ರಾಣೇಶ ಇಪ್ಪತ್ತಾರು ವರ್ಷಗಳಿಂದ ಪ್ರಾಣಿಗಳನ್ನು ಮಾಡುತ್ತಿದ್ದಾರೆ. ಅವುಗಳಲ್ಲಿ ನಗದೆ ಇರುವ ಪ್ರಾಣಿ ಒಂದೂ ಇಲ್ಲ. ಹೈದರಾಬಾದಿನ ಯಾವ ಪಾರ್ಕಿಗೆ ಬೇಕಾದರೂ ಹೋಗಿ ನೋಡಿ. ಬಾಯಿ ಕಿಸಿದು ಕಸ ಬೇಡುವ ಮೊಲ, ಸೊಂಡಿಲ ಮೇಲೆ ಮಕ್ಕಳನ್ನು ಜಾರಿಸುವ ಆನೆ, ಮೇ ತಿಂಗಳ ಬಿಸಿಲಲ್ಲಿ ಹೊಟ್ಟೆ ತುಂಬ ಬಾಳೆಹಣ್ಣಿನ ಸಿಪ್ಪೆ ಇಟ್ಟುಕೊಂಡು ಹಲ್ಲು ತೋರಿಸುವ ಪೆಂಗ್ವಿನ್. ಇವುಗಳಲ್ಲಿ ಬಹಳಷ್ಟು ನಾಚಾರಂನ ನಮ್ಮ ಶೆಡ್ಡಿನಿಂದ ಹೊರಟವು. ಮಣ್ಣಿನಲ್ಲಿ ರೂಪ ತಿದ್ದಿ, ಅದಕ್ಕೆ ಅಚ್ಚು ತೆಗೆದು, ಅಚ್ಚಿನಲ್ಲಿ ಫೈಬರ್ ಹಾಕಿ ಎಬ್ಬಿಸುವುದು ಅವರ ಕೆಲಸ. ಬಣ್ಣ ಬಳಿಯುವುದು ಶಾಮಲಾ ಎಂಬ ನನ್ನದು. ಪೆಂಗ್ವಿನ್ನಿಗೆ ಹಲ್ಲಿರುವುದಿಲ್ಲ ಎಂದು ನಾನು ಮೊದಲ ಪೆಂಗ್ವಿನ್ ಮಾಡುವಾಗಲೇ ಹೇಳಿದ್ದೆ. ಹೆಂಡತಿ ಹೇಳಿದ್ದನ್ನು ಕೇಳುವ ರೂಢಿ ಆ ಮನೆತನದಲ್ಲಿ ಇಲ್ಲ.

ಆ ಮನೆತನದ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ನಮ್ಮ ಮಾವನವರ ಅಪ್ಪ ನಿಜಾಮರ ಕಾಲದಲ್ಲಿ ರಾಯಚೂರಿನಿಂದ ಇಲ್ಲಿಗೆ ಬಂದು ಕಂದಾಯ ಖಾತೆಯಲ್ಲಿ ಗುಮಾಸ್ತರಾದರು. ಆಮೇಲೆ ಹುಟ್ಟಿದವರೆಲ್ಲ ಯಾವುದಾದರೊಂದು ಸರಕಾರಿ ಕುರ್ಚಿ ಹುಡುಕಿಕೊಂಡು ಕೂತರು. ಮಣ್ಣಿಗೆ ಕೈ ಹಾಕಿದವರು ನನ್ನ ಗಂಡ ಒಬ್ಬರೇ. ಹಾಗಾಗಿ ಮುಂಜಿವೆ, ಸೀಮಂತ, ಗೃಹಪ್ರವೇಶ, ಎಲ್ಲಿ ಪಂಕ್ತಿ ಹಾಕಿದರೂ ಯಾರಾದರೊಬ್ಬರು ‘ಕಸದ ಡಬ್ಬಿ ಪ್ರಾಣೇಶ ಬಂದಾನೇನು’ ಎಂದು ವಿಚಾರಿಸುತ್ತಾರೆ. ಅದಕ್ಕೆ ಎಲ್ಲರಿಗಿಂತ ಜೋರಾಗಿ ನಗುವವರು ಅವರೇ. ಮೈ ಉರಿಯುವುದು ನನಗೆ. ಮನೆಯ ಕಪಾಟಿನಲ್ಲಿ ಪ್ರಾಣಿಗಳ ಪುಸ್ತಕ ಎಷ್ಟಿವೆ, ಮೃಗಾಲಯಕ್ಕೆ ಹೋದರೆ ಒಂದು ಕತ್ತೆಕಿರುಬದ ಮುಂದೆ ಈ ಮನುಷ್ಯ ಎಷ್ಟು ಹೊತ್ತು ನಿಲ್ಲುತ್ತಾರೆ ಎಂಬುದು ನನಗೆ ಗೊತ್ತು. ಒಮ್ಮೆಯಾದರೂ ಖರೇ ಪ್ರಾಣಿ ಮಾಡಬೇಕು ಎಂಬುದೊಂದೇ ಅವರ ಆಸೆ. ಕೇಳಿದವರು ಯಾರೂ ಇರಲಿಲ್ಲ, ಅಷ್ಟೇ.

ಕೇಳಿದವರು ಸಿಕ್ಕಿದ್ದೂ ಒಂದು ಮುಂಜಿವೆಯ ಊಟದಲ್ಲೇ. ಪಕ್ಕದ ಎಲೆಗೆ ಕೂತವರು ಚಂದ್ರಹಾಸ ಎಂಬುವರು. ಮೈಸೂರಿನ ಕಡೆಯವರು, ವಿದ್ಯುತ್ ಖಾತೆಯಲ್ಲಿ ಎಂಜಿನಿಯರ್ ಆಗಿ ನಿವೃತ್ತರಾದವರು. ನಾಲ್ಕಾರು ಗೆಳೆಯರೊಡನೆ ಸೇರಿ ಘಟ್‌ಕೇಸರ್ ದಾಟಿದ ಮೇಲೆ ಒಂದು ತೋಟ ಮಾಡಿದ್ದರು. ಅದರೊಳಗೆ ದೊಡ್ಡದೊಂದು ಗಾಜಿನ ಮನೆ, ಅದರೊಳಗೆ ಮಳೆಕಾಡು. ಗಿಡ ಮರ ಬಳ್ಳಿ ನಿಜವಾದವು, ಮಂಜಿನಂತೆ ನೀರು ಹನಿಸುವ ಮೋಟಾರು ಬೇರೆ. ಪ್ರಾಣಿಗಳು ಮಾತ್ರ ಮಾಡಿದವು ಇರಬೇಕು, ಒಟ್ಟು ನಲವತ್ತು. ನನ್ನ ಗಂಡನ ಕೈಯಲ್ಲಿದ್ದ ಹೋಳಿಗೆ ಕೈಯಲ್ಲೇ ಉಳಿಯಿತು.

ಚಂದ್ರಹಾಸರ ಷರತ್ತು ನೇರವಾಗಿತ್ತು. ಮೊದಲು ಒಂದೇ ಒಂದು ಪ್ರಾಣಿ ಮಾಡಿ ತೋರಿಸಬೇಕು. ಅದು ತಮಗೂ ತಮ್ಮ ತಜ್ಞರಿಗೂ ಒಪ್ಪಿಗೆಯಾದರೆ ನಲವತ್ತೂ ಪ್ರಾಣೇಶರವೇ. ಒಪ್ಪಿಗೆಯಾಗದಿದ್ದರೆ ಚೆನ್ನೈನವರು ಮಾಡುತ್ತಾರೆ. ಹೇಗಿದ್ದರೂ ತೋಟಕ್ಕೆ ಕಸದ ಡಬ್ಬಿಗಳು ಬೇಕೇ ಬೇಕು, ಅವನ್ನು ಇವರೇ ಮಾಡಿಕೊಡಲಿ ಎಂದೂ ಸೇರಿಸಿದರು. ಕೆಟ್ಟ ಮನಸ್ಸಿನಿಂದ ಹೇಳಿದ ಮಾತಲ್ಲ. ಆದರೆ ಮನೆಗೆ ಬರುವ ದಾರಿಯಲ್ಲಿ ಮೆಟ್ರೊದಲ್ಲಿ ನನ್ನ ಗಂಡ ಕಿಟಕಿಯ ಕಡೆಗೇ ಮುಖ ಮಾಡಿ ನಿಂತರು.

ಮಾಡಬೇಕಾದ ಆ ಒಂದು ಪ್ರಾಣಿ ಮಲೇಷ್ಯಾದ ಮಳೆಕಾಡಿನ ಓತಿಕ್ಯಾತ. ನನ್ನ ಹಣೆಬರಹ ನೋಡಿ. ನಲವತ್ತರಲ್ಲಿ ಮೂವತ್ತೊಂಬತ್ತು ಬಿಟ್ಟು ಇದೇ ಬರಬೇಕೆ? ಗೋಡೆಯ ಹಲ್ಲಿ ಲೊಚಗುಟ್ಟಿದರೆ ನೆಲಕ್ಕೆ ಬೆರಳು ಬಡಿದು ಕೃಷ್ಣ ಕೃಷ್ಣ ಅನ್ನುವವಳು ನಾನು. ಒಮ್ಮೆ ಎಡ ಭುಜದ ಮೇಲೆ ಹಲ್ಲಿ ಬಿದ್ದಾಗ ಪಂಚಾಂಗ ತೆಗೆದು ಫಲ ನೋಡಿದೆ. ಶುಭ ಎಂದೇ ಇತ್ತು. ಆದರೂ ಎರಡು ಸಲ ಸ್ನಾನ ಮಾಡಿದೆ.

ಚಂದ್ರಹಾಸರು ಫೋನಿಗೆ ಒಂದು ಫೋಟೋ ಕಳಿಸಿದರು. ನನ್ನ ಗಂಡ ಅದನ್ನು ನೋಡಿದ್ದು ಒಂದೇ ಗಳಿಗೆ. ಓತಿಕ್ಯಾತ ತಾನೆ, ಹುಟ್ಟಿದಾಗಿಂದ ನೋಡಿದ್ದೇನೆ ಎಂಬ ಧೈರ್ಯ. ನಮ್ಮೂರಿನ ಬಂಡೆಗಳ ಮೇಲೆ ಒಂದು ಜಾತಿ ಇದೆ. ಸುಡುವ ಬಿಸಿಲಲ್ಲಿ ಎದೆ ಎತ್ತಿ ಕೂತು, ಮುಂಗಾಲಿನ ಮೇಲೆ ಏಳುತ್ತ ಬೀಳುತ್ತ ತಾಲೀಮು ಮಾಡುತ್ತದೆ. ಹೆಣ್ಣು ಹುಡುಕುವ ಕಾಲಕ್ಕೆ ಗಂಡಿನ ತಲೆ ಕೆಂಪೇರುತ್ತದೆ. ಇವರು ಮಲೇಷ್ಯಾದ ಓತಿಕ್ಯಾತನನ್ನೂ ಹಾಗೆಯೇ ಒಂದು ಬಂಡೆ ಮಾಡಿ ಅದರ ನೆತ್ತಿಯ ಮೇಲೆ ಕೂರಿಸಿದರು. ಎದೆ ಎತ್ತಿಸಿದರು. ತಲೆಗೆ ಕೆಂಪು ಬಳಿ ಎಂದರು, ಬಳಿದೆ. ಬಾಯಿ ಹೇಗಿತ್ತೆಂದು ಹೇಳಬೇಕಾಗಿಲ್ಲ. ನಾನೂ ಕಡಿಮೆ ಮಾಡಲಿಲ್ಲ. ಪಾರ್ಕಿನ ಮೊಲಕ್ಕೆ ಮಳೆ ತಾಗಬಾರದೆಂದು ಕೊಡುವ ಹೊಳಪಿನ ಲೇಪವನ್ನು ಇದಕ್ಕೂ ಎರಡು ಸಲ ಕೊಟ್ಟೆ. ಮುಗಿಸಿದಾಗ ಅದು ಥಳಥಳ ಅನ್ನುತ್ತಿತ್ತು. ಚಂದ ಆಗಿದೆ ಎಂದು ಇಬ್ಬರೂ ಒಪ್ಪಿದೆವು. ನಾವಿಬ್ಬರೂ ಒಪ್ಪಿದ ದಿನವೇ ನನಗೆ ಅನುಮಾನ ಬರಬೇಕಿತ್ತು.

ತಜ್ಞರು ಅಂದರೆ ಕನ್ನಡಕ ಹಾಕಿದ ಮುದುಕರೊಬ್ಬರು ಬರುತ್ತಾರೆ ಎಂದು ಕಾಯುತ್ತಿದ್ದೆವು. ಸ್ಕೂಟಿಯ ಮೇಲೆ ಬಂದಿಳಿದವಳು ಮೂವತ್ತು ದಾಟದ ಹುಡುಗಿ. ಹೆಸರು ಹರ್ಷಿತಾ, ಪುತ್ತೂರಿನವಳು, ಹಬ್ಸಿಗುಡದ ಕಡೆ ಒಂದು ಪ್ರಯೋಗಾಲಯದಲ್ಲಿ ಕೆಲಸ. ಓದುವಾಗ ಮಲೇಷ್ಯಾದ ಕಾಡಿನಲ್ಲಿ ಮೂರು ತಿಂಗಳು ಇದೇ ಜಾತಿಯ ಹಿಂದೆ ಅಲೆದಿದ್ದಳಂತೆ. ಅವಳು ನಮ್ಮ ಓತಿಕ್ಯಾತನ ಸುತ್ತ ಒಂದು ಸುತ್ತು ಬಂದಳು. ಬಗ್ಗಿ ನೋಡಿದಳು. ನೆಟ್ಟಗೆ ನಿಂತಳು. ತುಟಿ ಬಿಗಿಹಿಡಿದಳು. ಆಮೇಲೆ ತಡೆಯಲಾರದೆ ನಕ್ಕೇಬಿಟ್ಟಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಕೈ ಮುಗಿದು ಕ್ಷಮೆ ಕೇಳಿದಳು.

“ಸರ್, ಇದು ತುಂಬಾ ಖುಷಿಯಲ್ಲಿ ಉಂಟು,” ಅಂದಳು. “ಅದಕ್ಕೆ ಅಷ್ಟು ಖುಷಿ ಇರುವುದಿಲ್ಲ.”

ನನ್ನ ಗಂಡನ ಮುಖ ಸಣ್ಣಗಾಯಿತು. ನನಗೆ ಸಿಟ್ಟು ನೆತ್ತಿಗೇರಿತು. ಇಷ್ಟು ದೂರ ಬಂದು ನಗಬೇಕಿತ್ತೇ ಎಂದು ಬಾಯಿ ಬಿಡುವುದರಲ್ಲಿದ್ದೆ, ಅಷ್ಟರಲ್ಲಿ ಅವಳು ನೆಲದ ಮೇಲೆಯೇ ಚಕ್ಕಳಮಕ್ಕಳ ಕೂತು ಹೇಳತೊಡಗಿದಳು. ಹೇಳುವಾಗ ಅವಳ ಮುಖ ನೋಡಬೇಕಿತ್ತು. ತವರುಮನೆಯ ಸುದ್ದಿ ಹೇಳುವವರ ಮುಖ ಹಾಗಿರುತ್ತದೆ.

ಅಲ್ಲಿ ಬಿಸಿಲು ನೆಲಕ್ಕೆ ಮುಟ್ಟುವುದೇ ಇಲ್ಲವಂತೆ. ಮರದ ಮೇಲೆ ಮರ, ಎಲೆಯ ಮೇಲೆ ಎಲೆ. ಮಧ್ಯಾಹ್ನ ಹನ್ನೆರಡಕ್ಕೂ ಹಸಿರುಗಟ್ಟಿದ ಮಬ್ಬು ಬೆಳಕು. ಈ ಓತಿಕ್ಯಾತ ಬಿಸಿಲು ಕಾಯಿಸಿಕೊಳ್ಳುವ ಜಾತಿಯೇ ಅಲ್ಲ. ಗಾಳಿ ಎಷ್ಟು ತಂಪೋ ಅದರ ಮೈಯೂ ಅಷ್ಟೇ ತಂಪು. ಹಳ್ಳದ ದಂಡೆಯಲ್ಲಿ ನೆಟ್ಟಗೆ ನಿಂತ ಮರ ಹುಡುಕಿ, ತೊಗಟೆಗೆ ಉಗುರು ಕಚ್ಚಿಸಿ, ಗಂಟೆಗಟ್ಟಲೆ ಅಲುಗದೆ ಅಂಟಿಕೊಂಡಿರುತ್ತದೆ. ಬಣ್ಣ ಹಸಿರು, ಆದರೆ ಒಂದೇ ಹಸಿರಲ್ಲ. ಮನಸ್ಸು ಬಂದರೆ ಕಂದು. ಗಂಡಿನ ಪಕ್ಕೆಯಲ್ಲಿ ನೀಲಿ ಛಾಯೆ, ಅದರ ಮೇಲೆ ಹಳದಿ ಚುಕ್ಕೆ. ಕತ್ತಿನ ಮೇಲೊಂದು ಜುಟ್ಟು, ಬೆನ್ನಿನ ಮೇಲೆ ಇನ್ನೊಂದು, ನಡುವೆ ಸ್ವಲ್ಪ ಖಾಲಿ ಜಾಗ. ಕಣ್ಣಿನ ಮೇಲೆ ಹುಬ್ಬು ಮೂಲೆಯಾಗಿ ಚಾಚಿಕೊಂಡಿರುವುದರಿಂದ ಯಾವಾಗಲೂ ಏನೋ ತಪ್ಪು ಹುಡುಕುತ್ತಿರುವಂತೆ ಕಾಣುತ್ತದೆ. ಬಾಲವೇ ಮೈಯ ಎರಡರಷ್ಟು.

“ಮತ್ತೆ ಒಂದು ಉಂಟು,” ಅಂದಳು. “ಅದು ನಿಮ್ಮನ್ನು ಕಂಡರೆ ಓಡುವುದಿಲ್ಲ. ಮೆಲ್ಲ ಮರದ ಆ ಬದಿಗೆ ಜಾರುತ್ತದೆ. ನೀವು ಆ ಬದಿಗೆ ಹೋದರೆ ಈ ಬದಿಗೆ ಬರುತ್ತದೆ. ಮೂರು ತಿಂಗಳಲ್ಲಿ ನಾನು ಅದರ ಮುಖಕ್ಕಿಂತ ಬೆರಳು ನೋಡಿದ್ದೇ ಹೆಚ್ಚು.”

ನನ್ನ ಗಂಡ ತಾವು ಮಾಡಿದ ಬಂಡೆಯನ್ನೊಮ್ಮೆ ನೋಡಿ ಕೇಳಿದರು. “ಹಂಗಾದ್ರ ಖರೇ ಮಾಡಿದ್ರ ಅದು ಜನಕ್ಕ ಕಾಣೂದಿಲ್ಲ?”

ಕಾಣುವುದಿಲ್ಲ ಎಂದಳು ಹರ್ಷಿತಾ. ಚಂದ್ರಹಾಸರು ನೋಡಲು ಬರುವುದಕ್ಕೆ ಇನ್ನೂ ಮೂರು ವಾರ ಇದೆ, ಬೇಕಾದರೆ ಭಾನುವಾರಗಳಂದು ಬಂದು ಸಹಾಯ ಮಾಡುತ್ತೇನೆ ಎಂದೂ ಹೇಳಿ ಹೋದಳು. ಸಂಜೆ ಶೆಡ್ಡಿನ ಬಾಗಿಲು ಹಾಕುವಾಗ ನನ್ನ ಗಂಡ ಮೆಲ್ಲಗೆ, ಡಬ್ಬಿಗಳನ್ನೇ ಮಾಡೋಣ ಬಿಡು, ಅವಾದರೂ ಎಲ್ಲರಿಗೂ ಕಾಣುತ್ತವೆ ಅಂದರು. ನನಗೆ ಎಷ್ಟು ಸಿಟ್ಟು ಬಂತೆಂದರೆ, ಬೀಗದ ಕೈ ಅವರ ಕೈಯಿಂದ ಕಸಿದುಕೊಂಡು ನಾನೇ ಬೀಗ ಹಾಕಿದೆ. ಮನೆ ಮುಟ್ಟುವವರೆಗೂ ಬೈದೆ. ಇಪ್ಪತ್ತಾರು ವರ್ಷ ಬಾಯ್ಬಿಟ್ಟು ಕೇಳದ ಮನುಷ್ಯನಿಗೆ ಒಂದು ಅವಕಾಶ ತಾನಾಗಿ ಬಂದಿದೆ, ಅದನ್ನು ಒಂದು ಹುಡುಗಿಯ ನಗುವಿಗೆ ಬಿಟ್ಟುಕೊಡುತ್ತೀರಾ ಎಂದೆ. ಬೈಗಳಲ್ಲಿ ಅಳುವೂ ಸೇರಿಕೊಂಡಿತ್ತು, ಅದನ್ನು ಅವರು ಗಮನಿಸಿದರೋ ಇಲ್ಲವೋ. ಮರುದಿನ ಬೆಳಿಗ್ಗೆ ನಾನು ಶೆಡ್ಡಿಗೆ ಹೋಗುವಷ್ಟರಲ್ಲಿ ಹಳೆಯ ಓತಿಕ್ಯಾತ ಬಂಡೆಯಿಂದ ಇಳಿದು ಮೂಲೆ ಸೇರಿತ್ತು, ಹೊಸ ಮಣ್ಣು ನಾದಿ ಇಟ್ಟಿತ್ತು.

ಆ ಮೂರು ವಾರ ನಮ್ಮ ಶೆಡ್ಡಿನಲ್ಲಿ ಮೊಲ ಹುಟ್ಟಲಿಲ್ಲ, ಆನೆ ಹುಟ್ಟಲಿಲ್ಲ. ಹರ್ಷಿತಾ ಭಾನುವಾರ ಮಾತ್ರವಲ್ಲ, ಸಂಜೆಗಳಲ್ಲೂ ಬರತೊಡಗಿದಳು. ನನ್ನ ಜೋಳದ ರೊಟ್ಟಿಯನ್ನು ಮೊದಮೊದಲು ಅನುಮಾನದಿಂದ, ಆಮೇಲೆ ಎರಡೆರಡಾಗಿ ತಿಂದಳು. ಅವಳ ಲ್ಯಾಪ್‌ಟಾಪಿನಲ್ಲಿದ್ದ ವಿಡಿಯೋಗಳನ್ನು ನಾವು ಮೂವರೂ ಧಾರಾವಾಹಿ ನೋಡಿದಂತೆ ನೋಡಿದೆವು. ಹತ್ತು ನಿಮಿಷದ ವಿಡಿಯೋದಲ್ಲಿ ಓತಿಕ್ಯಾತ ಒಮ್ಮೆ ಕಣ್ಣು ಮುಚ್ಚಿ ತೆರೆದರೆ ಅದೇ ದೊಡ್ಡ ಘಟನೆ.

ದೊಡ್ಡ ತೊಂದರೆ ಕೊಟ್ಟದ್ದು ಬಾಯಿ. ನನ್ನ ಗಂಡ ಬೇಕೆಂದು ಮಾಡುತ್ತಿರಲಿಲ್ಲ. ತುಟಿಯ ಮೂಲೆಗೆ ಬಂದೊಡನೆ ಅವರ ಹೆಬ್ಬೆರಳು ತಾನಾಗಿ ಮೇಲಕ್ಕೆ ಎಳೆದುಬಿಡುತ್ತಿತ್ತು. ತಲೆಯನ್ನು ಮೂರು ಸಲ ಮಾಡಿದರು, ಮೂರು ಸಲವೂ ಅದು ಮದುವೆ ಮನೆಯ ಬಾಗಿಲಲ್ಲಿ ನಿಂತ ಬೀಗರಂತೆ ನಕ್ಕಿತು. ನಾಲ್ಕನೆಯ ಸಲ ನಾನು ಪಕ್ಕದಲ್ಲಿ ಬ್ರಷ್ ಹಿಡಿದು ಕೂತೆ. ಹೆಬ್ಬೆರಳು ಮೇಲಕ್ಕೆ ಹೊರಟಾಗಲೆಲ್ಲ ಬ್ರಷ್ಷಿನ ಹಿಡಿಯಿಂದ ಗೆಣ್ಣಿಗೆ ಒಂದು ಏಟು. ಹದಿನೇಳು ಏಟಾದ ಮೇಲೆ ಬಾಯಿ ನೆಟ್ಟಗಾಯಿತು. ಮುಖದಲ್ಲಿ ಖುಷಿಯೂ ಇಲ್ಲ, ದುಃಖವೂ ಇಲ್ಲ. ತನ್ನ ಪಾಡಿಗೆ ತಾನಿರುವ ಮುಖ.

ಬಣ್ಣದ ಪಾಳಿ ನನ್ನದು. ಹಸಿರು ಡಬ್ಬಿ ತೆಗೆದು ಬಳಿದು ಕೈ ತೊಳೆದುಕೊಳ್ಳುವವಳು ನಾನು. ಇಲ್ಲಿ ಹೆಬ್ಬೆರಳಗಲದ ಜಾಗದಲ್ಲಿ ನಾಲ್ಕು ಹಸಿರು ಬೇಕಾದವು. ಹೊಳಪಿನ ಲೇಪಕ್ಕೆ ಹರ್ಷಿತಾ ಕೈ ಅಡ್ಡ ಹಿಡಿದಳು. ಪಕ್ಕೆಯ ನೀಲಿಯ ಮೇಲೆ ಹಳದಿ ಚುಕ್ಕೆ ಇಡುವುದಕ್ಕೇ ಎರಡು ದಿನ ಹಿಡಿಯಿತು, ಒಂದು ಚುಕ್ಕೆಯ ಹಾಗೆ ಇನ್ನೊಂದಿಲ್ಲ. ಮೊದಲ ದಿನ ಅದರ ಹೊಟ್ಟೆಯನ್ನು ಮುಟ್ಟುವಾಗ ಮೈ ಜುಮ್ಮೆಂದಿತ್ತು. ಎರಡನೆಯ ದಿನದ ಕೊನೆಗೆ ಮಗುವಿಗೆ ಸ್ನಾನ ಮಾಡಿಸಿದವಳಂತೆ ಅದನ್ನು ತೋಳಿನ ಮೇಲೆ ಮಲಗಿಸಿಕೊಂಡು ಗಲ್ಲದ ಕೆಳಗಿನ ಮಡಿಕೆಗೆ ಬಣ್ಣ ಹಚ್ಚುತ್ತಿದ್ದೆ. ಇದನ್ನು ನಮ್ಮ ಓರಗಿತ್ತಿಯರಿಗೆ ಹೇಳಿಲ್ಲ.

ಮರವನ್ನೂ ಮಾಡಿದೆವು. ಓಣಿಯ ತುದಿಯ ನೇರಳೆ ಮರದ ತೊಗಟೆಯ ಅಚ್ಚು ತೆಗೆದು, ಆಳೆತ್ತರದ ಟೊಳ್ಳು ಕಾಂಡ ಎಬ್ಬಿಸಿ, ಶೆಡ್ಡಿನ ನಡುವೆ ನಿಲ್ಲಿಸಿದ್ದಾಯಿತು. ಜಗಳ ಶುರುವಾದದ್ದು ಆಗ. ಓತಿಕ್ಯಾತನನ್ನು ಎಲ್ಲಿ ಕೂರಿಸುವುದು? ಕಾಂಡದ ಮುಂದೆ, ಜನರ ಕಣ್ಣಿನ ಎತ್ತರಕ್ಕೆ ಎಂದು ನನ್ನ ಗಂಡ. ಹಿಂದೆ ಎಂದು ಹರ್ಷಿತಾ. ಮುಂದೆ ಕೂರಿಸಿದರೆ ಅದು ಸುಳ್ಳು ಎಂದು ಅವಳು, ಹಿಂದೆ ಕೂರಿಸಿದರೆ ನಾನು ಮಾಡಿದ್ದೇ ಸುಳ್ಳು ಎಂದು ಇವರು. ಪಕ್ಕಕ್ಕೆ ಕೂರಿಸಿ ರಾಜಿ ಮಾಡಲು ನೋಡಿದೆ. ಇಬ್ಬರೂ ನನ್ನ ಮೇಲೆ ಮುಖ ಗಂಟಿಕ್ಕಿಕೊಂಡರು. ಉಳಿದದ್ದು ಐದು ದಿನ.

ಆಗ ಮೆಣಸಿನಕಾಯಿ ಬಜ್ಜಿ ಬಂತು. ಡಾಕ್ಟರು ನನ್ನ ಗಂಡನಿಗೆ ಎಣ್ಣೆಯಲ್ಲಿ ಕರಿದದ್ದು ತಿನ್ನಬಾರದೆಂದು ಹೇಳಿ ಎಂಟು ತಿಂಗಳಾಗಿತ್ತು. ಅಂದು ಮಧ್ಯಾಹ್ನ ನಾನು ಬುತ್ತಿ ತೆಗೆದುಕೊಂಡು ಶೆಡ್ಡಿನೊಳಗೆ ಕಾಲಿಟ್ಟೆ. ಫೈಬರಿಗೆ ಹಾಕುವ ರೆಸಿನ್ನಿನ ವಾಸನೆಯ ನಡುವೆ ಬಜ್ಜಿಯ ವಾಸನೆ ಮೂಗಿಗೆ ಬಡಿಯಿತು. ಮನುಷ್ಯ ಮಾತ್ರ ಎಲ್ಲೂ ಇಲ್ಲ. ಕಾಂಡದ ಬಲಕ್ಕೆ ಹೋದೆ. ತೊಗಟೆಯ ಅಂಚಿನಲ್ಲಿ ನಾಲ್ಕು ಬೆರಳು ಕಂಡವು, ಮರೆಯಾದವು. ಎಡಕ್ಕೆ ಬಂದೆ. ಅಂಗಿಯ ಚುಂಗು ಕಂಡಿತು, ಜಾರಿಹೋಯಿತು. ಮತ್ತೆ ಬಲಕ್ಕೆ. ಹೀಗೆ ಮೂರು ಸುತ್ತಾಯಿತು. ಮೂರನೆಯ ಸುತ್ತಿಗೆ ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ, ನೆಲಕ್ಕೆ ಕುಸಿದು ಕೂತು ಹೊಟ್ಟೆ ಹಿಡಿದುಕೊಂಡು ನಗತೊಡಗಿದೆ.

“ರೀ,” ಅಂದೆ, ಉಸಿರು ಸಿಕ್ಕ ಮೇಲೆ. “ಮುಂದೂ ಬ್ಯಾಡ, ಹಿಂದೂ ಬ್ಯಾಡ. ನೀವು ಸುತ್ತಿದಂಗ ಅದೂ ಸುತ್ತಲಿ.”

ಮರದ ಆ ಬದಿಯಲ್ಲಿ ಬಜ್ಜಿ ಅಗಿಯುವ ಸದ್ದು ನಿಂತಿತು. ಅವರು ಹೊರಗೆ ಬಂದಾಗ ಮೀಸೆಗೆ ಹಿಟ್ಟು ಮೆತ್ತಿತ್ತು, ಕಣ್ಣು ಮಾತ್ರ ನನ್ನ ಮೇಲಿರಲಿಲ್ಲ. ಕಾಂಡದ ಮೇಲೆ ಬೆರಳಿನಿಂದ ಗೆರೆ ಎಳೆಯುತ್ತ ನಿಂತುಬಿಟ್ಟರು. ಬಜ್ಜಿಯ ವಿಚಾರಣೆಯನ್ನು ಮುಂದಕ್ಕೆ ಹಾಕಬೇಕಾಯಿತು.

ಅಂದು ಸಂಜೆಯೇ ಸನತ್‌ನಗರಕ್ಕೆ ಹೋಗಿ, ಹಳೆಯ ಕಾರ್ಖಾನೆ ಫ್ಯಾನುಗಳನ್ನು ಬಿಚ್ಚಿ ಮಾರುವವನ ಹತ್ತಿರ ದೊಡ್ಡದೊಂದು ಬೇರಿಂಗ್ ಹುಡುಕಿ ತಂದರು. ಅದನ್ನು ಟೊಳ್ಳು ಕಾಂಡದೊಳಗೆ ಕೂರಿಸಿದರು. ತೊಗಟೆಯ ಬಿರುಕಿನಂತೆ ಕಾಣುವ ಸೀಳೊಂದನ್ನು ಎಡದಿಂದ ಮುಂಭಾಗ ಬಳಸಿ ಬಲದವರೆಗೆ ಕೊರೆದರು. ಓತಿಕ್ಯಾತನ ಹೊಟ್ಟೆಯಿಂದ ಹೊರಟ ಸಣ್ಣ ಸರಳು ಆ ಸೀಳಿನ ಮೂಲಕ ಬೇರಿಂಗಿಗೆ ಸೇರಿತು. ಮರದ ಎಡಕ್ಕೊಂದು ಬಲಕ್ಕೊಂದು ಹಲಗೆ, ಎರಡರಿಂದಲೂ ಬೇರಿಂಗಿಗೆ ಹಗ್ಗ. ತಕ್ಕಡಿಯ ಹಾಗೆ, ಒಂದು ಕೆಳಗಿಳಿದರೆ ಇನ್ನೊಂದು ಮೇಲೇಳಬೇಕು. ಎಡ ಹಲಗೆಯ ಮೇಲೆ ಕಾಲಿಟ್ಟರೆ ಓತಿಕ್ಯಾತ ಬಲ ಬದಿಗೆ ಜಾರುತ್ತದೆ, ಬಲಕ್ಕೆ ಬಂದರೆ ಎಡಕ್ಕೆ. ಕರೆಂಟಿಲ್ಲ, ಮೋಟಾರಿಲ್ಲ.

ಹೇಳಿದಷ್ಟು ಸುಲಭವಾಗಿ ಆಗಲಿಲ್ಲ. ಮೊದಲ ಸಲ ನಾನು ಹಲಗೆ ಮೆಟ್ಟಿದಾಗ ಅದು ಗಿರ್ರನೆ ತಿರುಗಿ ಬಂದು ಬಾಲದಿಂದ ನನ್ನ ಮೊಣಕೈಗೆ ಬಾರಿಸಿತು. ಎರಡನೆಯ ಸಲ ಕಚ್ಚಿಕೊಂಡು ನಿಂತಿತು. ಗ್ರೀಸು, ಮರಳಿನ ಚೀಲ, ಹಳೆಯ ಸೈಕಲ್ ಟ್ಯೂಬಿನ ತುಂಡು, ಏನೇನೋ ಹಾಕಿದರು, ತೆಗೆದರು. ನಾಲ್ಕನೆಯ ದಿನ ಸಂಜೆ ಹರ್ಷಿತಾ ಬಂದಳು. ಅವಳಿಗೆ ಏನೂ ಹೇಳದೆ, ಮರದ ಹತ್ತಿರ ಹೋಗಿ ನೋಡಮ್ಮ ಎಂದೆವು. ಅವಳು ಎಡ ಹಲಗೆಯ ಮೇಲೆ ಹೆಜ್ಜೆಯಿಟ್ಟಳು. ಓತಿಕ್ಯಾತ ಸದ್ದಿಲ್ಲದೆ ಸರಿದು, ಬಾಲದ ತುದಿಯನ್ನಷ್ಟೇ ಒಂದು ಕ್ಷಣ ಬಿಟ್ಟು, ಅದನ್ನೂ ಎಳೆದುಕೊಂಡು ಹೋಯಿತು. ಹುಡುಗಿ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ಈ ಸಲ ನಗಲಿಲ್ಲ.

ಆದರೆ ಚಂದ್ರಹಾಸರು? ಹಲಗೆಯ ಗುಟ್ಟು ಅವರಿಗೆ ಗೊತ್ತಿಲ್ಲ. ಅವರು ನೋಡಲು ಬರುವುದು ಓತಿಕ್ಯಾತನನ್ನು, ಅದಕ್ಕೆ ಕಾಣಿಸಿಕೊಳ್ಳುವ ಬುದ್ಧಿಯೇ ಇಲ್ಲ. ಕೊನೆಯ ದಿನ ನನಗೇ ಅಳುಕು ಹುಟ್ಟಿತು. ಹಗ್ಗ ಬಿಚ್ಚಿ ಮುಂದೆ ಕೂರಿಸೋಣವೇ ಎಂದು ನಾನೇ ಕೇಳಿದೆ. ಇಪ್ಪತ್ತಾರು ವರ್ಷ ಎಲ್ಲವೂ ಕಾಣಬೇಕು ಎಂದು ಕೂತಿದ್ದ ಮನುಷ್ಯ ತಲೆ ಅಲ್ಲಾಡಿಸಿದರು.

“ಒಪ್ಪಲಿಲ್ಲಂದ್ರ ಡಬ್ಬಿ ಮಾಡ್ತೀನಿ,” ಅಂದರು. “ಆದ್ರ ಇದನ್ನ ಸುಳ್ಳು ಮಾಡೂದಿಲ್ಲ. ಗುಟ್ಟೂ ಯಾರಿಗೂ ಹೇಳಬ್ಯಾಡ. ಕಾಡಾಗ ಯಾರೂ ಹೇಳಿಕೊಡಾಂಗಿಲ್ಲ.”

ಆ ಮಾತಿಗೆ ನಾನು ಸೋತೆ. ಮದುವೆಯಾದಾಗಿನಿಂದ ಅವರು ನನಗೆ ಅಷ್ಟು ಚಂದ ಕಂಡದ್ದು ಅದೇ ಮೊದಲು.

ಗಾಜಿನ ಮನೆಯೊಳಗೆ ಮರ ನಿಲ್ಲಿಸಿ, ಹಲಗೆಗಳ ಮೇಲೆ ತೆಂಗಿನ ನಾರು, ಒಣಗಿದ ಎಲೆ ಹರಡಿದೆವು. ಸುತ್ತ ದಟ್ಟವಾದ ಗಿಡಗಳು, ಮರದ ಮುಂದೆ ಅಗಲ ಎಲೆಯ ಒಂದು ಪೊದೆ, ಅದರ ಎರಡೂ ಪಕ್ಕದಿಂದ ಕಾಲುದಾರಿ. ಮೋಟಾರು ನೀರು ಹನಿಸುತ್ತಿತ್ತು. ಬೆಳಿಗ್ಗೆ ಹತ್ತಕ್ಕೆ ಚಂದ್ರಹಾಸರು ಹೆಂಡತಿ ಜಯಮ್ಮನವರನ್ನು ಕರೆದುಕೊಂಡು ಬಂದರು. ಜಯಮ್ಮ ಬಾಗಿಲ ಹತ್ತಿರದ ಬೆಂಚಿನ ಮೇಲೆ ಕೂತರು. ನಾನು, ನನ್ನ ಗಂಡ, ಹರ್ಷಿತಾ ಮೂವರೂ ಪೊದೆಯ ಈಚೆ ಸಾಲಾಗಿ, ಫಲಿತಾಂಶ ಕಾಯುವ ಮಕ್ಕಳಂತೆ ನಿಂತೆವು.

ಚಂದ್ರಹಾಸರು ಟ್ರಾನ್ಸ್‌ಫಾರ್ಮರುಗಳ ಸದ್ದಿನ ನಡುವೆ ಆಯುಷ್ಯ ಕಳೆದವರು, ಮಾತೆಲ್ಲ ಕೂಗಿಯೇ. ಎಡದಿಂದ ಹೋಗಿ ಎಲ್ಲಿದೆ ಎಂದು ಕೂಗಿದರು. ಬಲಕ್ಕೆ ಬಂದರು. ಮೇಲೆ ನೋಡಿದರು, ಕೆಳಗೆ ನೋಡಿದರು, ಮತ್ತೆ ಎಡಕ್ಕೆ ಹೋದರು. ಮರ ಬಹಳ ಚೆನ್ನಾಗಿದೆ, ಆದರೆ ನಾನು ಹೇಳಿದ್ದು ಮರ ಅಲ್ಲವಲ್ಲ ಅಂದರು. ನನ್ನ ಗಂಡ ಇಲ್ಲೇ ಐತ್ರಿ ಎಂದಷ್ಟೇ ಹೇಳಿದರು. ಚಂದ್ರಹಾಸರ ಮುಖ ಬಿಗಿಯಿತು. ಎಡ ಹಲಗೆಯ ಮೇಲೆ ನಿಂತೇ ಕಿಸೆಯಿಂದ ಮಡಿಸಿದ ಕಾಗದ ತೆಗೆದರು. ನಲವತ್ತು ಪ್ರಾಣಿಗಳ ಪಟ್ಟಿ. ಪೆನ್ನಿನ ಮುಚ್ಚಳ ತೆಗೆದರು.

ನಾನು ಗಂಡನ ಕಡೆ ನೋಡಿದೆ. ಅವರು ಕೈ ಕಟ್ಟಿಕೊಂಡು, ನಮ್ಮ ಓತಿಕ್ಯಾತನದೇ ಮುಖ ಮಾಡಿಕೊಂಡು ನಿಂತಿದ್ದರು. ಇನ್ನು ತಡೆಯುವುದು ನನ್ನಿಂದಾಗದು, ಹಲಗೆ, ಹಗ್ಗ ಎಲ್ಲ ಹೇಳಿಬಿಡುತ್ತೇನೆ ಎಂದು ಬಾಯಿ ತೆರೆದೆ.

ಅಷ್ಟರಲ್ಲಿ ಜಯಮ್ಮ ಕೂತು ಕೂತು ಬೇಸರವಾಗಿ ಎದ್ದಿದ್ದರು. ಗಂಡನನ್ನು ಹುಡುಕಿಕೊಂಡು ಪೊದೆಯ ಬಲಗಡೆಯ ದಾರಿ ಹಿಡಿದು ಬಂದವರು ಮರದ ಹತ್ತಿರ ತಟ್ಟನೆ ನಿಂತರು. ಬೈತಲೆಯ ಮೇಲೆ ನೀರಿನ ಹನಿ ಕೂತಿತ್ತು. 

“ರೀ, ಅಲುಗಬೇಡಿ,” ಅಂದರು ಮೆಲ್ಲಗೆ. “ನನ್ನ ಕಡೆ ಇದೆ. ನನ್ನನ್ನೇ ನೋಡ್ತಿದೆ.”

ಹೇಳುತ್ತ ಒಂದು ಹೆಜ್ಜೆ ಮುಂದಿಟ್ಟರು. ಅದು ಬಲ ಹಲಗೆ. ಶೆಡ್ಡಿನಲ್ಲಿ ನಾವು ಯಾವಾಗಲೂ ಒಬ್ಬೊಬ್ಬರೇ ಮೆಟ್ಟಿ ನೋಡಿದ್ದೆವು, ಎರಡು ಬದಿಗೂ ಒಟ್ಟಿಗೆ ಜನ ನಿಂತರೆ ಏನಾಗುತ್ತದೆಂದು ಯೋಚಿಸಿರಲೇ ಇಲ್ಲ. ಓತಿಕ್ಯಾತ ಜಯಮ್ಮನವರ ಕಡೆಯಿಂದ ಮೆಲ್ಲಗೆ ಜಾರಿತು. ಮರದ ನಡು ಮುಂಭಾಗಕ್ಕೆ ಬಂದು, ಮುಂದೆ ಹೋಗಲಾರದೆ, ಹಿಂದೆ ಹೋಗಲಾರದೆ, ಅಲ್ಲೇ ನಿಂತಿತು. ಗಂಡ ಹೆಂಡತಿ ಇಬ್ಬರ ತೂಕವೂ ಹೆಚ್ಚುಕಡಿಮೆ ಒಂದೇ. ಇದನ್ನು ಜಯಮ್ಮನವರ ಮುಂದೆ ಯಾರೂ ಹೇಳುವಂತಿಲ್ಲ.

ಚಂದ್ರಹಾಸರಿಂದ ಒಂದು ಮೊಳ ದೂರದಲ್ಲಿ ಅದರ ಮುಖ. ಹುಬ್ಬಿನ ಮೂಲೆಯಿಂದ ನೀರಿನ ಹನಿಯೊಂದು ತೂಗುತ್ತಿತ್ತು. ಪಕ್ಕೆಯ ನೀಲಿ, ಹಳದಿ ಚುಕ್ಕೆಗಳು ಒದ್ದೆಯಾಗಿ ಉಸಿರಾಡುವಂತಿದ್ದವು. ನೆಟ್ಟಗಿನ ಬಾಯಿ. ಅದಕ್ಕೆ ಅವರು ಯಾರು, ಅವರ ಕೈಯಲ್ಲಿರುವ ಕಾಗದ ಯಾವುದು ಎಂಬ ಪರಿವೆಯೇ ಇರಲಿಲ್ಲ. ಚಂದ್ರಹಾಸರ ಪೆನ್ನು ಗಾಳಿಯಲ್ಲೇ ನಿಂತಿತು. ಒಂದು ಪಾದ ಎತ್ತಲು ಹೋದರು. ಓತಿಕ್ಯಾತ ಬೆರಳಷ್ಟು ಸರಿಯಿತು. ಅವರು ಪಾದವನ್ನು ಹಾಗೇ ಮೆಲ್ಲನೆ ಕೆಳಗಿಟ್ಟರು.

ಎಷ್ಟು ಹೊತ್ತು ಹಾಗೆ ನಿಂತಿದ್ದರೋ. ಆಮೇಲೆ ಆ ಕೂಗುವ ಮನುಷ್ಯ, ತಲೆ ಕೂಡ ತಿರುಗಿಸದೆ, ತುಟಿ ಮಾತ್ರ ಅಲುಗಿಸಿ, ನಮಗೆ ಕೇಳಿಸುವುದೇ ಕಷ್ಟವಾಗುವಷ್ಟು ಸಣ್ಣ ದನಿಯಲ್ಲಿ ಮಾತಾಡಿದರು.

“ಪ್ರಾಣೇಶರೇ, ಉಳಿದ ಮೂವತ್ತೊಂಬತ್ತೂ ನೀವೇ ಮಾಡಿ.”

“ಮೆಲ್ಲಗೆ ಮಾತಾಡಿ ಅಂದ್ರೆ,” ಎಂದು ಆ ಬದಿಯಿಂದ ಜಯಮ್ಮ ಗದರಿದರು, ಅದೂ ಪಿಸುಮಾತಿನಲ್ಲೇ. “ಓಡಿಹೋಗುತ್ತೆ.”

ಹರ್ಷಿತಾ ನನ್ನ ಕೈ ಹಿಚುಕಿದಳು. ನನ್ನ ಗಂಡನ ಕಣ್ಣು ತುಂಬಿ ಬಂದಿತ್ತು, ಒರೆಸಿಕೊಳ್ಳಲು ಕೈ ಎತ್ತಲಿಲ್ಲ.

“ಮಾಡ್ತೀನ್ರಿ,” ಅಂದರು, ಅವರೂ ಪಿಸುಗುಟ್ಟುತ್ತ.

ಯಾರೂ ಅಲುಗಲಿಲ್ಲ. ಅಲ್ಲಿದ್ದ ಐದು ಜನರಲ್ಲಿ ಅದು ಫೈಬರಿನದು ಎಂಬುದು ಆ ಹೊತ್ತಿಗೆ ಒಬ್ಬರಿಗೂ ನೆನಪಿರಲಿಲ್ಲ, ನನಗೂ ಇರಲಿಲ್ಲ.